ಕೂಲರ್ ಇದ್ದೂ ಸುಟ್ಟುಹೋದ ಗೇರ್‌ಬಾಕ್ಸ್: ಮಲೆನಾಡಿನ ಆಟೋಮ್ಯಾಟಿಕ್ ಜೀಪಿನವರಿಗೆ ಎಚ್ಚರಿಕೆ

ಮೂಡಿಗೆರೆ ಕಡೆಯ ತೋಟವೊಂದರ ಡೀಸೆಲ್ ಆಟೋಮ್ಯಾಟಿಕ್ ಫೋರ್ ಬೈ ಫೋರ್ ಮಳೆಗಾಲದಲ್ಲಿ ಗೇರ್‌ಬಾಕ್ಸ್ ಸುಟ್ಟುಕೊಂಡು ಮೂಲೆಗೆ ಸೇರಿತು. 33 ಇಂಚಿನ ಮಡ್ ಟಯರ್, ಕಬ್ಬಿಣದ ಬಂಪರ್, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ), ಹೊಟ್ಟೆಯಡಿಗೆ ಸ್ಕಿಡ್ ಪ್ಲೇಟ್, ಸಾಲದ್ದಕ್ಕೆ ಗೇರ್‌ಬಾಕ್ಸಿಗೆಂದೇ ಹೊರಗಿನಿಂದ ತಂದು ಕೂರಿಸಿದ ಆಯಿಲ್ ಕೂಲರ್. ಕೂಲರ್ ಇದೆಯಲ್ಲ, ಇನ್ನೇನಾದೀತು ಅನ್ನುವ ಧೈರ್ಯದಲ್ಲೇ ಓಡಿಸಿದ್ದು. ಬಿಚ್ಚಿ ನೋಡಿದರೆ ಆ ಕೂಲರ್ ಕೂರಿಸಿದ ರೀತಿಯೇ ಅರ್ಧ ಕಾರಣ. ಹಾಸನ, ಚಿಕ್ಕಮಗಳೂರಿನಲ್ಲಿ ಈಗ ಇಂಥ ಗಾಡಿಗಳು ಬೇಕಾದಷ್ಟಿವೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿರುವುದು.

ಕೆಟ್ಟ ಕ್ರಮ ಹೀಗಿತ್ತು. ಮೊದಮೊದಲು ಬೆಳಿಗ್ಗೆ ಡಿ ಗೆ ಹಾಕಿದರೆ ಗಾಡಿ ಹಿಡಿಯಲು ಒಂದೆರಡು ಸೆಕೆಂಡ್ ತಡ. ಆಮೇಲೆ ಏರಿನಲ್ಲಿ ಆರ್‌ಪಿಎಂ ಏರುತ್ತದೆ, ಗಾಡಿ ಏರುವುದಿಲ್ಲ. ಕೊನೆಗೆ ಕೆಸರಿನಲ್ಲಿ ಹೂತ ಪಿಕಪ್ ಒಂದನ್ನು ಎಳೆಯುವಾಗ ಎಚ್ಚರಿಕೆ ದೀಪ ಹತ್ತಿತು, ಅಲ್ಲಿಗೆ ರಿವರ್ಸ್ ಹೋಯಿತು. ಅಷ್ಟು ಹೊತ್ತೂ ಹೊರಗೆ ಜಡಿಮಳೆ, ಮಂಜು. ಎಂಜಿನ್ ಟೆಂಪರೇಚರ್ ಮುಳ್ಳು ನಡುವೆಯೇ ನಿಂತಿತ್ತು.

ಗೇರ್‌ಬಾಕ್ಸಿನ ತಳದ ಆಯಿಲ್ ಚೇಂಬರ್ ಇಳಿಸಿದಾಗ ಆಯಿಲ್ ಕಪ್ಪಗೆ, ಸುಟ್ಟ ವಾಸನೆ. ಚೇಂಬರ್ ತಳದಲ್ಲಿರುವ ಆಯಸ್ಕಾಂತಗಳ ಮೇಲೆ ಬೆರಳಿನಲ್ಲಿ ಬಳಿದು ತೆಗೆಯುವಷ್ಟು ದಪ್ಪ ಕರಿ ಲೇಪ. ಅದನ್ನು ಬಿಳಿ ಬಟ್ಟೆಗೆ ಒರೆಸಿದರೆ ನಡುನಡುವೆ ಕಂದು ಚೂರುಗಳು, ಅಂದರೆ ಕ್ಲಚ್ ಪ್ಲೇಟಿನಿಂದ ಕಿತ್ತುಬಂದ ಲೈನಿಂಗ್. ಸ್ಟೀಲ್ ಪ್ಲೇಟುಗಳು ನೀಲಿಗಟ್ಟಿದ್ದವು. ಆಯಸ್ಕಾಂತಕ್ಕೆ ತೆಳುವಾಗಿ ಬೂದು ಪುಡಿ ಅಂಟಿರುವುದು ಎಲ್ಲ ಗೇರ್‌ಬಾಕ್ಸಿನಲ್ಲೂ ಇದ್ದದ್ದೇ, ಅದಕ್ಕೆ ಹೆದರಬೇಕಿಲ್ಲ. ಲೈನಿಂಗ್ ಚೂರು ಕಂಡರೆ ಮಾತ್ರ ಆಯಿಲ್ ಬದಲಾಯಿಸಿದ್ದರಿಂದ ಪ್ರಯೋಜನವಿಲ್ಲ, ಓವರ್‌ಹಾಲ್ ಆಗಲೇಬೇಕು.

ಇಷ್ಟು ಬಿಸಿ ಬರುವುದೆಲ್ಲಿಂದ? ಟಾರ್ಕ್ ಕನ್ವರ್ಟರಿನಿಂದ. ಅದರೊಳಗೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಶಕ್ತಿ ದಾಟಿಸುವುದು ಆಯಿಲ್. ಎಂಜಿನ್ ಕಡೆ ಜೋರಾಗಿ ತಿರುಗಿ ಚಕ್ರದ ಕಡೆ ನಿಧಾನವಾದಷ್ಟೂ ನಡುವಿನ ಶಕ್ತಿಯೆಲ್ಲ ಆಯಿಲನ್ನು ಕಾಯಿಸುತ್ತದೆ. ಹೆದ್ದಾರಿಯಲ್ಲಿ ಎರಡೂ ಕಡೆಯನ್ನು ನೇರ ಬಿಗಿಯುವ ಲಾಕಪ್ ಕ್ಲಚ್ ಕೂತುಬಿಡುವುದರಿಂದ ಈ ನಷ್ಟವಿಲ್ಲ. ತೋಟದ ಏರಿನಲ್ಲಿ ಆಳು ನಡೆಯುವ ವೇಗದಲ್ಲಿ ಹೋಗುವಾಗ ಲಾಕಪ್ ಕೂರುವುದೇ ಇಲ್ಲ. ಟಯರ್ ಕಲ್ಲಿಗೆ ತಡೆದು ಗಾಡಿ ನಿಂತಲ್ಲೇ ನಿಂತಿದ್ದು, ನೀವು ಆಕ್ಸಿಲರೇಟರ್ ಒತ್ತಿ ಎಂಜಿನ್ 30 ಕಿಲೋವ್ಯಾಟ್ ಕೊಡುತ್ತಿದ್ದರೆ ಅಷ್ಟೂ ಬಿಸಿಯೇ. ಒಳಗಿರುವುದು 8 ಲೀಟರ್ ಆಯಿಲ್ ಎಂದಿಟ್ಟುಕೊಂಡರೆ ಲೆಕ್ಕಕ್ಕೆ ಸೆಕೆಂಡಿಗೆ ಸುಮಾರು 2 ಡಿಗ್ರಿ. ಸುತ್ತಲಿನ ಲೋಹ ಒಂದಷ್ಟು ಹೀರಿಕೊಂಡರೂ ಅರ್ಧ ನಿಮಿಷದಲ್ಲಿ 30-40 ಡಿಗ್ರಿ ಏರಿಬಿಡುತ್ತದೆ. ಹೊರಗಿನ ಚಳಿ ಇದನ್ನು ತಡೆಯುವುದಿಲ್ಲ.

ಟಯರ್ ದೊಡ್ಡದಾದರೆ ಇದೇ ಕಷ್ಟ ಹೆಚ್ಚುತ್ತದೆ. 255/65 ಆರ್18 ಟಯರಿನ ಎತ್ತರ ಸುಮಾರು 789 ಮಿ.ಮೀ., 33 ಇಂಚಿನದೆನ್ನುವ 285/70 ಆರ್17 ರದ್ದು 831. ಶೇ. 5ರಷ್ಟು ವ್ಯತ್ಯಾಸ, ಚಕ್ರಕ್ಕೆ ಸಿಗುವ ಎಳೆತ ಅಷ್ಟೇ ಕಡಿಮೆ. 35 ಇಂಚಿನದೆನ್ನುವ 315/70 ಆರ್17 ಹಾಕಿದರೆ ವ್ಯತ್ಯಾಸ ಶೇ. 10 ದಾಟುತ್ತದೆ. ಅದರ ಮೇಲೆ ಬಂಪರ್, ವಿಂಚ್, ರ‍್ಯಾಕ್ ತೂಕ. 35 ಇಂಚಿಗೆ ಹೋಗುವವರು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಕ್ರೌನ್-ಪಿನಿಯನ್ ಗೇರುಗಳ ಅನುಪಾತ ಬದಲಾಯಿಸದೆ ಆಟೋಮ್ಯಾಟಿಕ್ ಗಾಡಿಯನ್ನು ತೋಟದ ಕೆಲಸಕ್ಕೆ ಹಚ್ಚಲೇಬಾರದು.

ಗೇರ್‌ಬಾಕ್ಸ್ ಆಯಿಲಿಗೆ 80ರಿಂದ 95 ಡಿಗ್ರಿ ಹದವಾದ ಬಿಸಿ. 110 ದಾಟಿದರೆ ಕೆಲಸ ಹಗುರ ಮಾಡಬೇಕು, 120 ಮುಟ್ಟಿದರೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಪ್ರತಿ 10 ಡಿಗ್ರಿಗೆ ಆಯಿಲಿನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 150ರ ಹತ್ತಿರ ಸೀಲುಗಳು ಗಡುಸಾಗಿ ಒತ್ತಡ ಸೋರುತ್ತದೆ, ಕ್ಲಚ್ ಜಾರುತ್ತದೆ, ಜಾರಿದ್ದರಿಂದ ಇನ್ನಷ್ಟು ಬಿಸಿ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಎಂಜಿನ್ ಕೂಲೆಂಟಿನ ಬಿಸಿಯನ್ನು ಮಾತ್ರ. ಗೇರ್‌ಬಾಕ್ಸ್ ದೀಪ ಹತ್ತುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಪೋರ್ಟಿಗೆ ಸ್ಕ್ಯಾನರ್ ಹಾಕಿ ಮೊಬೈಲಿನಲ್ಲಿ ಗೇರ್‌ಬಾಕ್ಸ್ ತಾಪ ನೋಡುವ ವ್ಯವಸ್ಥೆ ಮಾಡಿಕೊಳ್ಳಿ. ಅದಕ್ಕೆ ನಿಮ್ಮ ಮಾಡೆಲ್ಲಿನ ಪ್ರತ್ಯೇಕ ಕೋಡ್ ಆ್ಯಪಿಗೆ ಸೇರಿಸಬೇಕಾಗುತ್ತದೆ. ಬೇರೆ ಗೇಜ್ ಹಾಕಿಸುವುದಾದರೆ ಸೆನ್ಸರ್ ಚೇಂಬರಿನಲ್ಲಿರಲಿ. ಕೂಲರಿಂದ ವಾಪಸ್ ಬರುವ ಪೈಪಿಗೆ ಹಾಕಿದರೆ ತಣಿದ ಆಯಿಲಿನ ತಾಪ ತೋರಿಸಿ ಮೋಸ ಮಾಡುತ್ತದೆ.

ಇನ್ನು ಕೂಲರಿನ ವಿಷಯ. ಆ ಗಾಡಿಯಲ್ಲಿ ಅದನ್ನು ಎಸಿ ಕಂಡೆನ್ಸರಿನ ಫಿನ್ನುಗಳ ಮಧ್ಯೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟಿದ್ದರು, ಅದೂ ವಿಂಚಿನ ಹಿಂದೆ. ಅಲ್ಲಿಗೆ ಗಾಳಿಯೇ ಬರುವುದಿಲ್ಲ. ಕೂಲರಿಗೆ ಅದರದೇ ಬ್ರಾಕೆಟ್, ರಬ್ಬರ್ ಬುಶ್ ಬೇಕು, ಕಂಡೆನ್ಸರಿನಿಂದ 15-20 ಮಿ.ಮೀ. ಅಂತರ ಇರಬೇಕು. ವಿಂಚ್, ಲೈಟುಗಳು ಗಾಳಿ ತಡೆಯುವುದಾದರೆ ಜಾಗ ಬದಲಾಯಿಸಿ, ರಿಲೇ, ಫ್ಯೂಸ್, ಥರ್ಮೋ ಸ್ವಿಚ್ ಸಹಿತ ಪ್ರತ್ಯೇಕ ಫ್ಯಾನ್ ಕೊಡಿ. ತೋಟದಲ್ಲಿ ನಡಿಗೆಯ ವೇಗದಲ್ಲಿ ಹೋಗುವ ಗಾಡಿಗೆ ಫ್ಯಾನ್ ಇಲ್ಲದ ಕೂಲರ್ ಬರೀ ಅಲಂಕಾರ. ಒಂದೇ ಅಳತೆಯಲ್ಲಿ ಕೊಳವೆ ಬಗ್ಗಿಸಿ ಮಾಡಿದ ಕೂಲರಿಗಿಂತ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಕೂಲರ್ ಹೆಚ್ಚು ತಣಿಸುತ್ತದೆ. ಕೆಂಪು ಮಣ್ಣು ಫಿನ್ನಿಗೆ ಮೆತ್ತಿಕೊಂಡರೆ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ವಾಟರ್ ಸರ್ವಿಸ್ ಅಂಗಡಿಯ ಪ್ರೆಶರ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿಕೊಳ್ಳುತ್ತದೆ.

ಎರಡನೇ ತಪ್ಪು, ಕಂಪನಿಯ ಮೂಲ ಕೂಲರನ್ನು ತಪ್ಪಿಸಿ ಬರೀ ಹೊರಗಿನದಕ್ಕೆ ಪೈಪ್ ಕೊಟ್ಟದ್ದು. ಮೂಲ ಕೂಲರ್ ಎಂಜಿನ್ ಕೂಲೆಂಟಿನಿಂದ ಕೆಲಸ ಮಾಡುವಂಥದ್ದಾದರೆ ಅದು ಚಳಿಯಲ್ಲಿ ಆಯಿಲನ್ನು ಬೆಚ್ಚಗೂ ಮಾಡುತ್ತದೆ. ಮಾಘದ ಬೆಳಿಗ್ಗೆ ಆಯಿಲ್ ತಣ್ಣಗೇ ಉಳಿದರೆ ಗೇರ್ ಒರಟಾಗಿ ಬೀಳುತ್ತದೆ, ಲಾಕಪ್ ಕೂರಲು ತಡವಾಗುತ್ತದೆ. ಗೇರ್‌ಬಾಕ್ಸಿನಿಂದ ಮೂಲ ಕೂಲರ್, ಅಲ್ಲಿಂದ ಹೊರಗಿನ ಕೂಲರ್, ಅಲ್ಲಿಂದ ವಾಪಸ್, ಇದು ಸರಿಯಾದ ದಾರಿ. ಮಧ್ಯೆ 80 ಡಿಗ್ರಿ ಆಸುಪಾಸಿನಲ್ಲಿ ತೆರೆಯುವ ಥರ್ಮೋಸ್ಟಾಟ್ ವಾಲ್ವ್ ಹಾಕಿದರೆ ಇನ್ನೂ ಒಳ್ಳೆಯದು. ಮೂಲ ಕೂಲರ್ ರೇಡಿಯೇಟರಿನ ಒಳಗೇ ಇದ್ದು, ರೇಡಿಯೇಟರ್ ತೀರಾ ಹಳೆಯದಾಗಿದ್ದರೆ ಮಾತ್ರ ಮೊದಲು ಅದನ್ನು ಬದಲಾಯಿಸಿ. ಒಳಗೆ ತೂತಾಗಿ ಕೂಲೆಂಟ್ ಬೆರೆತರೆ ಆಯಿಲ್ ರೋಸ್ ಮಿಲ್ಕಿನಂತಾಗುತ್ತದೆ, ಕ್ಲಚ್ ಲೈನಿಂಗಿನ ಅಂಟು ಬಿಡುತ್ತದೆ.

ಪೈಪು ಕೂಡ ಸಾಮಾನ್ಯ ಡೀಸೆಲ್ ಪೈಪು. ಸ್ಕ್ರೂ ಕ್ಲಿಪ್ಪಿನ ಸೀಳುಗಳಲ್ಲಿ ರಬ್ಬರ್ ಉಬ್ಬಿ ಹೊರಗೆ ಬಂದು, ಅದರ ಅಂಚಿಗೇ ಬಿರುಕು ಬಿಟ್ಟು ಆಯಿಲ್ ಜಿನುಗಿತ್ತು. ಬೇಕಾದದ್ದು ಎಸ್‌ಎಇ ಜೆ1532 ಎಂದು ಅಚ್ಚಾಗಿರುವ ಟ್ರಾನ್ಸ್‌ಮಿಷನ್ ಕೂಲರ್ ಹೋಸ್, ಸೀಳಿಲ್ಲದ ಒಳಮೈಯ ಕ್ಲಿಪ್. ಲೋಹದ ಕೊಳವೆಯ ತುದಿಯಲ್ಲಿ ಉಬ್ಬು ಇರಬೇಕು, ಇಲ್ಲದಿದ್ದರೆ ಹೋಸ್ ಜಾರಿ ಕಳಚುತ್ತದೆ. ಬಿಎಸ್6 ಡೀಸೆಲ್ ಗಾಡಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ, ತುಂಬಾ ಕಾಯುವ ಫಿಲ್ಟರ್) ಪಕ್ಕ ಹೋಸ್ ಹಾಯಿಸಲೇಬೇಡಿ.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಕಣ್ಣಿಗೆ ಕಾಣದ್ದು. ಕೂಲರ್ ಮತ್ತು ಹೋಸ್ ತುಂಬಲು ಅರ್ಧ ಲೀಟರ್ ಆಸುಪಾಸು ಆಯಿಲ್ ಬೇಕು. ಅದನ್ನು ಹಾಕಿರಲಿಲ್ಲ, ಮೇಲಿಂದ ಜಿನುಗಿದ್ದೂ ಸೇರಿ ಮಟ್ಟ ಇಳಿದಿತ್ತು. ಕಡಿದಾದ ಏರಿನಲ್ಲಿ ಆಯಿಲ್ ಹಿಂದಕ್ಕೆ ಸರಿದಾಗ ಪಂಪು ಗಾಳಿ ಎಳೆಯುತ್ತದೆ, ನೊರೆ ಬರುತ್ತದೆ, ಕ್ಲಚ್ಚಿಗೆ ಒತ್ತಡ ಸಾಲುವುದಿಲ್ಲ. ಈಗಿನ ಹಲವು ಗಾಡಿಗಳಿಗೆ ಡಿಪ್‌ಸ್ಟಿಕ್ ಇಲ್ಲ. ಸಮತಟ್ಟು ನೆಲದಲ್ಲಿ, ಎಂಜಿನ್ ಓಡುತ್ತಿರುವಾಗ, ಕೈಪಿಡಿ ಹೇಳುವ ತಾಪದಲ್ಲಿ (ಹೆಚ್ಚಿನವಕ್ಕೆ 40 ಡಿಗ್ರಿ ಆಸುಪಾಸು) ಲೆವೆಲ್ ಪ್ಲಗ್ ಬಿಚ್ಚಿ, ಆಯಿಲ್ ಸಣ್ಣ ಧಾರೆಯಾಗಿ ಬಂದು ನಿಲ್ಲುವಷ್ಟು ಇರಬೇಕು. ಬಿಸಿ ಗಾಡಿಯಲ್ಲಿ ನೋಡಿದರೆ ಆಯಿಲ್ ಹಿಗ್ಗಿ ಸಾಕಷ್ಟಿದೆ ಅನ್ನಿಸುತ್ತದೆ. ಹೆಚ್ಚು ಹಾಕಿದರೂ ನೊರೆಯೇ. ಯಾವ ಗ್ರೇಡ್ ಎಂದು ಕೈಪಿಡಿ ಹೇಳುತ್ತದೋ ಅದೇ ಹಾಕಿ. ಎಲ್ಲಕ್ಕೂ ಆಗುತ್ತೆ ಅನ್ನುವ ಡಬ್ಬ ಬೇಡ. ಚೇಂಬರ್ ಬೋಲ್ಟ್ ಬಿಚ್ಚಿದಾಗ ಇಳಿಯುವುದು ಅರ್ಧಕ್ಕಿಂತ ಕಡಿಮೆ, ಮಿಕ್ಕದ್ದು ಹೆಚ್ಚಾಗಿ ಕನ್ವರ್ಟರಿನಲ್ಲೇ ಇರುತ್ತದೆ. ಆಯಿಲ್ ಬಣ್ಣಗೆಟ್ಟಿದ್ದರೆ ಇಳಿಸಿ, ತುಂಬಿ, ಓಡಿಸಿ, ಮತ್ತೆ ಇಳಿಸಬೇಕು.

ಓಡಿಸುವಾಗ ಏರು ಬರುವ ಮೊದಲೇ ಲೋ ರೇಂಜಿಗೆ, ಅಂದರೆ ಫೋರ್ ಬೈ ಫೋರ್‌ನ ನಿಧಾನ ಗೇರಿಗೆ ಹಾಕಿ. ಈ ಗೇರಿರುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನ ಆಚೆಗಿರುವುದರಿಂದ ಕನ್ವರ್ಟರ್ ಮೇಲಿನ ಭಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಮ್ಮ ಕಡೆ ಬಹಳ ಜನ ಸಿಕ್ಕಿಹಾಕಿಕೊಂಡ ಮೇಲೆ ಲೋ ಹುಡುಕುತ್ತಾರೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಲಿಸಿಕೊಳ್ಳಬೇಡಿ, ಅದಕ್ಕೆ ಬ್ರೇಕ್ ಇದೆ. ಕೆಸರಿನಲ್ಲಿ ಡಿ, ಆರ್ ಎಂದು ಪದೇ ಪದೇ ಬದಲಿಸಿ ತೂಗಾಡಿಸುವುದು ಕ್ಲಚ್ಚಿಗೆ ವಿಷ. ವಿಂಚ್ ಇರುವುದು ಅಲಂಕಾರಕ್ಕಲ್ಲ, ಬಳಸಿ.

ಕಾದ ಗೇರ್‌ಬಾಕ್ಸನ್ನು ಹಾಗೇ ಹಳ್ಳಕ್ಕೆ ಇಳಿಸುವುದು ಇನ್ನೊಂದು ಅಪಾಯ. ತಣ್ಣೀರು ತಾಗಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡಲು ಇರುವ ಕಿಂಡಿ) ಮೂಲಕ ನೀರು ಒಳಗೆ ಎಳೆದುಕೊಳ್ಳುತ್ತದೆ. ಬ್ರೀದರ್ ಪೈಪನ್ನು ಬಾನೆಟ್ ಎತ್ತರಕ್ಕೆ ಒಯ್ದು ಕಟ್ಟಿ. ಸ್ಕಿಡ್ ಪ್ಲೇಟಿಗೂ ಚೇಂಬರಿನ ಕೆಳಗೆ ಗಾಳಿಯ ಕಿಂಡಿ ಕೊರೆಸಿ, ತುಂಬಿದ ಮಣ್ಣನ್ನು ತೆಗೆಯುತ್ತಿರಿ.

ತಾಪ 120 ಮುಟ್ಟಿತೆಂದರೆ ಸಮತಟ್ಟಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ 1200-1500 ಆರ್‌ಪಿಎಂ ಇಡಿ. ಪಂಪು ಆಯಿಲನ್ನು ಕೂಲರಿಗೆ ಹಾಯಿಸುತ್ತಿರುತ್ತದೆ. ಎಂಜಿನ್ ಆಫ್ ಮಾಡಿದರೆ ಆ ಹರಿವು ನಿಂತು ಬಿಸಿ ಒಳಗೇ ಉಳಿಯುತ್ತದೆ. 95ಕ್ಕೆ ಇಳಿಯುವವರೆಗೆ ಕಾಯಿರಿ. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಪೂರ್ತಿ ಕೈಕೊಟ್ಟರೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಬೇಡಿ, ಎಂಜಿನ್ ನಿಂತಾಗ ಗೇರ್‌ಬಾಕ್ಸ್ ಒಳಗೆ ಆಯಿಲ್ ಓಡುವುದಿಲ್ಲ. ಟ್ರಾನ್ಸ್‌ಫರ್ ಕೇಸಿಗೆ ನ್ಯೂಟ್ರಲ್ ಇದ್ದು, ಕೈಪಿಡಿ ಒಪ್ಪಿದರೆ ಮಾತ್ರ ಚಕ್ರ ಉರುಳಿಸಿ ಎಳೆಯಬಹುದು. ಇಲ್ಲವಾದರೆ ಫ್ಲಾಟ್‌ಬೆಡ್ ಕರೆಸಿ.