ಗುಂಪು ಚರ್ಚೆಯೋ, ಮನೆಯ ಗುಳಿಗೆ ಡಬ್ಬಿಯೋ?

ಯಾದಗಿರಿ ಜಿಲ್ಲೆಯ ಶಹಾಪುರ ಸುತ್ತಲಿನ ಹಳ್ಳಿ, ತಾಂಡಾಗಳಲ್ಲಿ ಜನ ಗುಳಿಗೆಗಳನ್ನು ಹೇಗೆ ಕೊಳ್ಳುತ್ತಾರೆ, ಹೇಗೆ ನುಂಗುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ ಎಂದು ತಿಳಿಯಲು ಹೊರಟಾಗ ನನ್ನ ಕೈಯಲ್ಲಿ ಇದ್ದದ್ದು ಇಪ್ಪತ್ತೆರಡು ಸಾವಿರ ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗುಂಪು ಚರ್ಚೆಗಳಿಗೇ ಹೋಯಿತು: ಧ್ವನಿಮುದ್ರಕ, ಬಾಡಿಗೆ ಜೀಪು, ಚಹಾ, ಚೂಡಾ, ಲಂಬಾಣಿ ಬಲ್ಲ ಸಹಾಯಕಿಯ ದಿನಗೂಲಿ. ಆ ಖರ್ಚಿಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ‘ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ತಂದು ತೋರಿಸುತ್ತೀರಾ?’ ಎಂಬ ಒಂದು ಪ್ರಶ್ನೆಯಿಂದ ತೊಡಗುವ ಸಂದರ್ಶನ ಕೊಟ್ಟಷ್ಟನ್ನು ಐದು ಗುಂಪು ಚರ್ಚೆಗಳು ಕೊಡಲಿಲ್ಲ.

ಒಂದು ಚರ್ಚೆಗೆ ಎಂಟು ಮಹಿಳೆಯರು ಬಂದಿದ್ದರು. ಅವರನ್ನು ಕರೆತಂದ ಆಶಾ ಕಾರ್ಯಕರ್ತೆಯನ್ನೂ ಪಕ್ಕದಲ್ಲೇ ಕೂರಿಸಿಕೊಂಡೆ, ತಪ್ಪು ನನ್ನದೇ. ಎಲ್ಲರ ಉತ್ತರವೂ ಒಂದೇ ಆಯಿತು: ‘ಡಾಕ್ಟರ್ ಹೇಳಿದಂತೆಯೇ ತೆಗೆದುಕೊಳ್ಳುತ್ತೇವೆ.’ ಹಾಗೆ ಗಟ್ಟಿಯಾಗಿ ಹೇಳಿದಾಕೆಯೇ ಮರುದಿನ ತನ್ನ ಮನೆಯಲ್ಲಿ, ಬಿಸ್ಕತ್ತಿನ ಡಬ್ಬಿಯಿಂದ ಅರ್ಧ ಮುಗಿದ ಆ್ಯಂಟಿಬಯೋಟಿಕ್ ಗುಳಿಗೆಗಳ ಪಟ್ಟಿ (ಸ್ಟ್ರಿಪ್) ತೆಗೆದಳು. ಜ್ವರ ಇಳಿದ ಮೇಲೆ ಮುಂದಿನ ಸಲಕ್ಕೆಂದು ಎತ್ತಿಟ್ಟದ್ದಂತೆ. ಒಂದೂವರೆ ಗಂಟೆಯ ಚರ್ಚೆಯನ್ನು ಬರಹಕ್ಕೆ ಇಳಿಸಲು ನನಗೆ ಎರಡು ದಿನ ಹಿಡಿಯಿತು. ಕನ್ನಡ, ದಖನಿ, ಲಂಬಾಣಿ ಒಂದರ ಮೇಲೊಂದು ಬಿದ್ದಾಗ ಯಾರ ಮಾತು ಯಾವುದು ಎಂದೇ ತಿಳಿಯುವುದಿಲ್ಲ.

ಆದರೂ ಅಲ್ಲಿ ಪದಗಳು ಸಿಕ್ಕವು. ‘ತಾಕತ್ತಿನ ಸೂಜಿ’, ‘ಉಷ್ಣದ ಗುಳಿಗೆ’ ಎಂದು ಜನ ಏಕೆ ಅನ್ನುತ್ತಾರೆಂದು ಅಲ್ಲಿ ಕೇಳದೆ ಹೋಗಿದ್ದರೆ ಮನೆಗಳಲ್ಲಿ ತಪ್ಪು ಪ್ರಶ್ನೆಗಳನ್ನೇ ಕೇಳುತ್ತಿದ್ದೆ. ಅದಕ್ಕೆ ಆರಂಭದಲ್ಲಿ ಒಂದು ಚರ್ಚೆ ಸಾಕು.

ಡಬ್ಬಿ ನೋಡುವ ವಿಧಾನಕ್ಕೂ ಒಂದು ದೊಡ್ಡ ತೊಡಕಿದೆ: ಕತ್ತರಿಸಿದ ಪಟ್ಟಿ. ದಿನಗೂಲಿಯವರು ಹತ್ತು ಗುಳಿಗೆ ಕೊಳ್ಳುವುದಿಲ್ಲ, ಎರಡು ಕೊಳ್ಳುತ್ತಾರೆ. ಅಂಗಡಿಯವರು ಕತ್ತರಿ ಹಾಕಿದಾಗ ಔಷಧದ ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ದಿನಾಂಕ ಇನ್ನೊಂದಕ್ಕೆ ಹೋಗುತ್ತದೆ. ಮನೆಯಲ್ಲಿ ಉಳಿಯುವುದು ಎರಡು ಅಕ್ಷರವಿರುವ ಬೆಳ್ಳಿ ಬಣ್ಣದ ಚೂರು. ಕೆಂಪು ಗೆರೆಯ ತುಣುಕು ಉಳಿದಿದ್ದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ ಎಂದಾದರೂ ಗೊತ್ತಾಗುತ್ತದೆ. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಬಿಡಿ ಗುಳಿಗೆಗಳಿಗೆ ಅದೂ ಇಲ್ಲ.

ಹತ್ತಿ ಬಿಡಿಸಿ ಬಂದ ವೃದ್ಧೆಯೊಬ್ಬರು ಮೊಣಕಾಲು ನೋವಿಗೆಂದು ತಿಂಗಳುಗಳಿಂದ ನುಂಗುತ್ತಿದ್ದ ಮೂರು ಗುಳಿಗೆಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ಚಿಕ್ಕದೊಂದು ಬಿಳಿ ಗುಳಿಗೆ ಸ್ಟೆರಾಯ್ಡ್ ಇರಬಹುದೇ ಎಂದು ನನಗೆ ಅನುಮಾನ. ಅಂಗಡಿಗೆ ಹೋಗಿ ಕೇಳಿದರೆ ಆ ವೃದ್ಧೆಯ ಗುಟ್ಟು ಬಯಲಾಗುತ್ತದೆ. ‘ಬಿಟ್ಟುಬಿಡಿ’ ಎಂದು ಹೇಳುವಂತೆಯೂ ಇಲ್ಲ; ಬಹುಕಾಲ ತೆಗೆದುಕೊಂಡ ಸ್ಟೆರಾಯ್ಡನ್ನು ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಬರಬಹುದು. ಪೊಟ್ಟಣವನ್ನು ಹಾಗೆಯೇ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ ಎಂದು ಕೈಮುಗಿದು ಕೇಳಿಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಅನಂತರ ದಾರಿಯೊಂದನ್ನು ಕಂಡುಕೊಂಡೆ. ಈ ಭಾಗದಲ್ಲಿ ಹೆಚ್ಚು ಮಾರಾಟವಾಗುವ ಗುಳಿಗೆಗಳ ಖಾಲಿ ಪಟ್ಟಿಗಳನ್ನು ಕಲಬುರಗಿಯ ಪರಿಚಯಸ್ಥರಿಂದ ಕೂಡಿಸಿ ಹಳೆಯ ಫೋಟೊ ಆಲ್ಬಮ್ಮಿನಲ್ಲಿ ಅಂಟಿಸಿದೆ. ಚೂರಿನ ಅಕ್ಷರ, ಬಣ್ಣಗಳನ್ನು ಅದರೊಡನೆ ಹೋಲಿಸಿದರೆ ಬಹಳಷ್ಟಕ್ಕೆ ಹೆಸರು ಸಿಗುತ್ತದೆ. ಬಿಡಿ ಬಿಳಿ ಗುಳಿಗೆಗಳ ವಿಷಯದಲ್ಲಿ ಊಹೆ ಮಾಡಲಿಲ್ಲ; ‘ಗುರುತಾಗಲಿಲ್ಲ’ ಎಂದೇ ಬರೆದೆ. ತಾನು ನುಂಗುವುದರ ಹೆಸರು ಗೊತ್ತಿಲ್ಲದ ಮನೆ ಎಷ್ಟು ಎಂಬುದೂ ನಾನು ಹುಡುಕಿ ಹೋದದ್ದರ ಭಾಗವೇ ತಾನೇ?

ರೋಗಿಯ ವೇಷದಲ್ಲಿ ಅಂಗಡಿಗೆ ಹೋಗಿ, ಚೀಟಿ ಇಲ್ಲದೆ ಏನು ಕೊಡುತ್ತಾರೆ ಎಂದು ನೋಡುವ ವಿಧಾನವನ್ನು ಎರಡು ಅಂಗಡಿಗೇ ಕೈಬಿಟ್ಟೆ. ಸಣ್ಣ ಊರಿನಲ್ಲಿ ಹೊಸ ಮುಖ ಅಡಗುವುದಿಲ್ಲ. ಅಲ್ಲದೆ ಸುಳ್ಳು ಹೇಳಿ ಮಾಹಿತಿ ಪಡೆಯಲು ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಮೊದಲೇ ಬೇಕು, ನಾನು ಅದನ್ನು ಅರ್ಧಂಬರ್ಧ ತಿಳಿದು ಹೋಗಿದ್ದೆ.

ದಿನಚರಿ ಪುಸ್ತಕ ಕೊಟ್ಟು ‘ನುಂಗಿದ್ದನ್ನೆಲ್ಲ ಬರೆಯಿರಿ’ ಎನ್ನುವುದು ಇಲ್ಲಿ ನಡೆಯುವುದಿಲ್ಲ; 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83%, ರಾಜ್ಯದಲ್ಲೇ ಕಡಿಮೆ. ಊರಲ್ಲೇ ತಿಂಗಳುಗಟ್ಟಲೆ ಇದ್ದು ನೋಡುವುದು ಎಲ್ಲಕ್ಕಿಂತ ಮೇಲು, ಆದರೆ ನನ್ನ ರಜೆ ಹದಿನಾರು ದಿನ.

ಇಷ್ಟೇ ಹಣ ಮತ್ತೆ ಸಿಕ್ಕರೆ ಒಂದು ಗುಂಪು ಚರ್ಚೆ, ಇಪ್ಪತ್ತು ಮನೆ. ಜೀಪು ಬೇಡ, ಬಸ್ಸು ಸಾಕು. ಸಹಾಯಕಿಗೆ ಮಾತ್ರ ದಿನಗೂಲಿ ಹೆಚ್ಚಿಸುತ್ತೇನೆ. ಒಳಮನೆಯ ಡಬ್ಬಿ ತೆರೆಯುವುದು ಅವಳ ಮಾತಿಗೆ, ನನ್ನ ಪ್ರಶ್ನಾವಳಿಗಲ್ಲ. ಹೋಗುವುದು ಸಂಜೆ, ಹೊಲದಿಂದ ಬಂದು ರೊಟ್ಟಿ ಬಡಿಯುವ ಕೆಲಸ ಮುಗಿದ ಮೇಲೆ. ಫೋಟೊ ತೆಗೆಯುವ ಮೊದಲು ಚೀಟಿಯ ಮೇಲಿನ ಹೆಸರನ್ನು ಬೆರಳಿನಿಂದ ಮುಚ್ಚುತ್ತೇನೆ. ಸಂದರ್ಶನ ಮುಗಿದ ಮೇಲೆ, ಕೇಳಿದವರಿಗೆಲ್ಲ ಪಟ್ಟಿಗಳ ಮೇಲೆ ಉಳಿದಿರುವ, ಅವಧಿ ಮುಗಿಯುವ ದಿನಾಂಕಗಳನ್ನು ಒಂದೊಂದಾಗಿ ಓದಿ ಹೇಳಿಯೇ ಎದ್ದು ಬರುತ್ತೇನೆ.