ಒಂದೇ ಎಸಿ, ಮೂರು ಫಿಟ್ಟಿಂಗ್: ಯಾರಿಗೆ ಕೊಟ್ಟರೆ ಒಳ್ಳೇದು?

ಕಲಬುರಗಿಯಲ್ಲಿ ನನ್ನ ಮನೆ, ಅದೇ ಊರಲ್ಲಿ ಅಕ್ಕನ ಫ್ಲಾಟ್, ಶಹಾಬಾದಿನಲ್ಲಿ ಅಪ್ಪ-ಅವ್ವ ಇರುವ ಹಳೇ ಕಲ್ಲಿನ ಮನೆ. ಮೂರೂ ಕಡೆ ಒಂದೇ ಕಂಪನಿಯ ಒಂದೂವರೆ ಟನ್ ಇನ್ವರ್ಟರ್ ಎಸಿ ಇದೆ. ಕೂರಿಸಿದವರು ಮಾತ್ರ ಬೇರೆ ಬೇರೆ. ನಮ್ಮ ಮನೆಗೆ ಕಂಪನಿಯ ಸರ್ವಿಸ್ ಸೆಂಟರ್‌ನವರು ಬಂದರು. ಅಕ್ಕನ ಮನೆಗೆ ಎಸಿ ಮಾರಿದ ಅಂಗಡಿಯವರೇ ಹುಡುಗರನ್ನು ಕಳಿಸಿದರು. ಶಹಾಬಾದಿನಲ್ಲಿ ಅಲ್ಲಿನ ಮೆಕ್ಯಾನಿಕ್ ಒಬ್ಬರು ಮಾಡಿಕೊಟ್ಟರು. ಯಂತ್ರ ಒಂದೇ ಇದ್ದದ್ದರಿಂದ, ಫಿಟ್ಟಿಂಗ್ ಒಂದರಿಂದಲೇ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನೋದನ್ನ ಕಣ್ಣಾರೆ ನೋಡಿದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಕಡೆ ಅದು ಸಣ್ಣ ವ್ಯತ್ಯಾಸ ಅಲ್ಲ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. ಕಂಪನಿಯವರು ಫಿಟ್ಟಿಂಗ್‌ಗೆ 1,500 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಅಂದರು. ಸ್ಟ್ಯಾಂಡು, ಜಾಸ್ತಿ ಬೇಕಾದ ಕಾಪರ್ ಪೈಪು ಎಲ್ಲ ಸೇರಿ ಐದು ಸಾವಿರದ ಹತ್ತಿರ ಬಂತು. ಅಂಗಡಿಯವರದ್ದು ‘ಫ್ರೀ ಫಿಟ್ಟಿಂಗ್’. ಆದರೆ ಸ್ಟ್ಯಾಂಡಿಗೆ, ವೈರಿಗೆ, ಗೋಡೆ ತೂತಿಗೆ, ಪೈಪಿಗೆ ಅಂತ ಒಂದೊಂದಕ್ಕೂ ಬೇರೆ ರೇಟು ಹಾಕಿ ನಾಲ್ಕು ಸಾವಿರ ದಾಟಿಸಿದರು. ಶಹಾಬಾದಿನ ಮೆಕ್ಯಾನಿಕ್ ಕೂಲಿ 2,000 ಅಂತ ಮೊದಲೇ ಹೇಳಿದರು. ಸಾಮಾನು ನಾವೇ ತಂದೆವು, ಅದೂ ಐದು ಸಾವಿರದೊಳಗೇ ಮುಗಿಯಿತು. ಮೂರರ ನಡುವೆ ಅಂತರ ಇರುವುದು ಇಷ್ಟೇ. ಹಾಗಾಗಿ ರೇಟು ನೋಡಿ ಯಾರನ್ನೂ ಆರಿಸಬೇಡಿ. 2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅಲ್ಲಿ ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು ದಪ್ಪನೆಯ ಕಾಪರ್ ಪೈಪಿಗೆ ಹಾಕಿ. ಕೆಲವರು ಕೇಳದೇ ಅಲ್ಯೂಮಿನಿಯಂ ಪೈಪ್ ಹಾಕಿ ಹೋಗುತ್ತಾರೆ, ಅದನ್ನಂತೂ ಒಪ್ಪಲೇಬೇಡಿ.

ನಿಜವಾದ ವ್ಯತ್ಯಾಸ ಕಂಡಿದ್ದು ಗ್ಯಾಸ್ ಬಿಡುವ ಹೊತ್ತಿಗೆ. ಹೊಸ ಎಸಿಯಲ್ಲಿ ಗ್ಯಾಸ್ ಔಟ್‌ಡೋರ್ ಯೂನಿಟ್‌ನಲ್ಲಿ ತುಂಬಿಕೊಂಡೇ ಬರುತ್ತದೆ. ಒಳಗಿನ ಯೂನಿಟ್‌ಗೂ ಅದಕ್ಕೂ ಪೈಪ್ ಜೋಡಿಸಿದ ಮೇಲೆ ಆ ಪೈಪಿನಲ್ಲಿ ಗಾಳಿ, ತೇವ ಉಳಿದಿರುತ್ತದೆ. ಅದನ್ನು ವ್ಯಾಕ್ಯೂಮ್ ಪಂಪ್ ಹಚ್ಚಿ ಪೂರ್ತಿ ಎಳೆದು ತೆಗೆದು, ಆಮೇಲೆ ಗ್ಯಾಸಿನ ವಾಲ್ವ್ ತೆರೆಯಬೇಕು. ಅಕ್ಕನ ಮನೆಗೆ ಬಂದ ಹುಡುಗರ ಚೀಲದಲ್ಲಿ ಪಂಪೇ ಇರಲಿಲ್ಲ.

“ವ್ಯಾಕ್ಯೂಮ್ ಪಂಪ್ ತಂದಿಲ್ಲೇನ್ರಿ?” ಅಂತ ಕೇಳಿದೆ.

“ಪಂಪ್ ಏನೂ ಬೇಕಾಗಂಗಿಲ್ರಿ ಸರ. ಸ್ವಲ್ಪ ಗ್ಯಾಸ್ ಬಿಟ್ರ ಗಾಳಿ ತಾನೇ ಹೊರಗ ಹೋಗ್ತದ” ಅಂದ ಒಬ್ಬ.

ಅಕ್ಕ ಅಂಗಡಿಗೆ ಫೋನ್ ಹಚ್ಚಿದಳು. “ನಮ್ಮ ಹುಡುಗರು ದಿನಾ ಇದೇ ಕೆಲಸ ಮಾಡ್ತಾರ್ರೀ ಅಕ್ಕಾರ” ಅನ್ನೋ ಉತ್ತರ ಬಂತು. ಅಷ್ಟರಲ್ಲಿ ಇವರು ನಟ್ ಸಡಿಲ ಮಾಡಿ ಬುಸ್ ಅಂತ ಗ್ಯಾಸ್ ಬಿಟ್ಟು, ಮತ್ತೆ ಬಿಗಿದು, ರಿಮೋಟ್ ಕೈಗೆ ಕೊಟ್ಟಾಗಿತ್ತು.

ಈಗಿನ ಎಸಿಗಳಲ್ಲಿ ಜಾಸ್ತಿ ಬಳಸುವ ಆರ್-32 ಗ್ಯಾಸಿಗೆ ಬೆಂಕಿ ಹತ್ತಿಕೊಳ್ಳುವ ಗುಣ ಸ್ವಲ್ಪ ಇದೆ. ಅದನ್ನು ಹೀಗೆ ಸುಮ್ನೆ ಹೊರಗೆ ಬಿಡುವ ಹಾಗಿಲ್ಲ. ಯಂತ್ರಕ್ಕೆ ಇಷ್ಟೇ ಅಂತ ತೂಗಿ ತುಂಬಿದ ಗ್ಯಾಸೂ ಕಡಿಮೆಯಾಗುತ್ತದೆ. ಒಳಗೆ ಉಳಿದ ತೇವ ಕಂಪ್ರೆಸರ್‌ನ ಎಣ್ಣೆಯನ್ನು ನಿಧಾನಕ್ಕೆ ಕೆಡಿಸುತ್ತದೆ. ಇದೆಲ್ಲಕ್ಕಿಂತ ಹೆಚ್ಚಿನ ಮಾತು ಇನ್ನೊಂದಿದೆ. ಪಂಪ್ ಬರೀ ಗಾಳಿ ತೆಗೆಯುವ ಸಾಧನ ಅಲ್ಲ, ಜಾಯಿಂಟ್ ಸರಿಯಾಗಿದೆಯೋ ಇಲ್ಲವೋ ಅಂತ ಹೇಳುವುದೂ ಅದೇ. ಗಾಳಿ ಎಳೆದು ಪಂಪ್ ನಿಲ್ಲಿಸಿದಾಗ ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗಿಂತ ಕೆಳಗೆ ಇಳಿದ ಜಾಗದಲ್ಲೇ ನಿಲ್ಲಬೇಕು. ಮೇಲೆ ಏರತೊಡಗಿದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಅಕ್ಕನ ಮನೆಯಲ್ಲಿ ಆ ಪರೀಕ್ಷೆ ನಡೆಯಲೇ ಇಲ್ಲ. ಮುಂದಿನ ಬೇಸಿಗೆ ಶುರುವಾಗುವ ಹೊತ್ತಿಗೆ ಎಸಿ ಬರೀ ಫ್ಯಾನ್ ಆಗಿತ್ತು. ಹೊರಗಿನ ಸಣ್ಣ ಪೈಪಿನ ಮೇಲೆ ಬಿಳಿ ಮಂಜು ಕಟ್ಟಿತ್ತು. ನೋಡಲು ಬಂದ ಮೆಕ್ಯಾನಿಕ್ ಸೋಪಿನ ನೊರೆಯನ್ನು ನಟ್ ಸುತ್ತ ಹಚ್ಚಿದರು. ಮೊದಲು ಏನೂ ಕಾಣಲಿಲ್ಲ. ಬ್ಯಾಟರಿ ಹಿಡಿದು ಕಾಯುತ್ತಿದ್ದ ಹಾಗೆ ನಟ್‌ನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಅದೇ ಜಾಗದಲ್ಲಿ ಮತ್ತೊಂದು ಎದ್ದಿತು. ಬಿಚ್ಚಿ ನೋಡಿದರೆ, ಪೈಪಿನ ಬಾಯಿ ಅಗಲಿಸಿ ಮಾಡುವ ಫ್ಲೇರ್ ಒಂದು ಕಡೆ ಸೀಳಿತ್ತು. ಆರ್-32ರ ಒತ್ತಡ ಹಳೇ ಎಸಿಗಳಲ್ಲಿದ್ದ ಆರ್-22 ಗ್ಯಾಸಿಗಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ. ತೆಳು ಪೈಪು, ಅವಸರದ ಫ್ಲೇರ್ ಅದನ್ನು ತಡೆಯುವುದಿಲ್ಲ. ರಿಪೇರಿಗೆ, ಗ್ಯಾಸಿಗೆ ಆದ ಖರ್ಚು ಮೊದಲ ಫಿಟ್ಟಿಂಗಿಗಿಂತ ಹೆಚ್ಚಾಯಿತು. ಅಂಗಡಿಯವರು “ಅದು ಕಂಪನಿಗೆ ಕೇಳ್ರೀ” ಅಂದರು, ಕಂಪನಿಯವರು “ಫಿಟ್ಟಿಂಗ್ ನಮ್ದಲ್ಲ” ಅಂದರು. ಈ ಇಬ್ಬರ ಮಧ್ಯೆ ಸಿಕ್ಕವರಿಗೆ ಆಗುವ ಸಂಕಟ ಬೇಡವೇ ಬೇಡ.

ನಮ್ಮ ಮನೆಗೆ ಬಂದ ಕಂಪನಿಯ ಹುಡುಗರು ಪಂಪ್ ತಂದಿದ್ದರು, ಮುಳ್ಳು ನಿಂತಿದ್ದನ್ನೂ ತೋರಿಸಿದರು. ಬಿಲ್ಲು, ವಾರಂಟಿ, ಕಂಪ್ಲೇಂಟ್ ನಂಬರ್ ಎಲ್ಲ ಪಕ್ಕಾ. ಡ್ರೈನ್ ಪೈಪಿಗೆ ಇಳಿಜಾರು ಸಾಲದೆ ಒಳಗೆ ನೀರು ತೊಟ್ಟಿಕ್ಕಿದಾಗ ದುಡ್ಡು ತೆಗೆದುಕೊಳ್ಳದೆ ಬಂದು ಸರಿ ಮಾಡಿದರು. ಆದರೆ ಔಟ್‌ಡೋರ್ ಯೂನಿಟ್ ಎಲ್ಲಿಡಬೇಕು ಅನ್ನುವ ಯೋಚನೆ ಅವರಿಗೆ ಇರಲಿಲ್ಲ. ನೇರ ಮಾಳಿಗೆಗೆ ಹೊರಟರು. ಅಲ್ಲಿ ಇಟ್ಟರೆ ಅವರಿಗೆ ಕೆಲಸ ಸಲೀಸು, ಯಂತ್ರಕ್ಕೆ ಮಾತ್ರ ಇಡೀ ದಿನ ಬಿಸಿಲು. ಪೈಪೂ ಉದ್ದ ಆಗುತ್ತದೆ, ಮೀಟರ್ ಲೆಕ್ಕದಲ್ಲಿ ಬಿಲ್ಲೂ ಏರುತ್ತದೆ. ಉತ್ತರದ ಗೋಡೆಗೇ ಹಾಕಿ ಅಂತ ಹಟ ಹಿಡಿದು ಹಾಕಿಸಿಕೊಂಡೆ. ಇನ್ನೊಂದು ತೊಂದರೆ ಏನೆಂದರೆ, ಪ್ರತಿ ಸಲ ಬೇರೆ ಬೇರೆ ಹುಡುಗರು ಬರುತ್ತಾರೆ. ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ಶಹಾಬಾದಿನ ಕೆಲಸವೇ ಬೇರೆ. ಊರಿನ ಹೆಸರೇ ಹೊತ್ತ ಕಲ್ಲು ಅದು, ಗೋಡೆಗೂ ಅದೇ, ಮೇಲೆ ಹಾಸಿದ ಪರಸಿಯೂ ಅದೇ. ಅಂಥ ಗೋಡೆಗೆ ಹ್ಯಾಮರ್ ಡ್ರಿಲ್ ಹಾಕಿ ಗುದ್ದಿದರೆ ಕಲ್ಲು ಪದರ ಪದರವಾಗಿ ಎದ್ದು ಬರುತ್ತದೆ. ಇದು ಆ ಮೆಕ್ಯಾನಿಕ್‌ಗೆ ಹೇಳಿಕೊಡುವ ಮಾತೇ ಆಗಿರಲಿಲ್ಲ. ಗೋಡೆಗೆ ಕಿವಿಗೊಟ್ಟು ಬೆರಳಿನಿಂದ ತಟ್ಟುತ್ತಾ ಹೋದರು, ಎರಡು ಕಲ್ಲು ಕೂಡುವ ಜಾಗ ಬಿಟ್ಟು ಗುರುತು ಹಾಕಿದರು. ಗುದ್ದದೆ ಗುಂಡಗೆ ಕೊರೆಯುವ ಕೋರ್ ಕಟ್ಟರ್ ಹಚ್ಚಿ, ಅವ್ವನ ಕೈಯಲ್ಲಿ ನೀರಿನ ಚೊಂಬು ಕೊಟ್ಟು “ಸಣ್ಣಗೆ ಬಿಡ್ರಿ ಅವ್ವಾ” ಅಂತ ಹೇಳುತ್ತಾ ನಿಧಾನಕ್ಕೆ ಕೊರೆದರು. ತೂತು ಹೊರಗಡೆಗೆ ಸ್ವಲ್ಪ ವಾಲಿರುವಂತೆ ನೋಡಿಕೊಂಡರು, ನೀರು ಒಳಗೆ ಬರಬಾರದಲ್ವಾ. ಪ್ರತಿ ಫ್ಲೇರ್ ಮಾಡಿದ ಮೇಲೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಒಂದು ಸರಿ ಬರಲಿಲ್ಲ ಅಂತ ಕತ್ತರಿಸಿ ಮತ್ತೆ ಮಾಡಿದರು. ಪಂಪ್ ಅವರದೇ ಸ್ವಂತದ್ದು. ಓಲ್ಟೇಜ್ ಏರಿಳಿತ ಜಾಸ್ತಿ ಅಂತ ಅರ್ಥಿಂಗ್ ಪರೀಕ್ಷಿಸಿ, ಎಸಿಗೆ ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಲು ಹೇಳಿದ್ದೂ ಅವರೇ.

ಅವರಲ್ಲೂ ಕೊರತೆ ಇದೆ. ಬಿಲ್ ಪುಸ್ತಕ ಇಲ್ಲ, ಕೇಳಿದ ಮೇಲೆ ಹಾಳೆಯಲ್ಲಿ ಬರೆದು ಸಹಿ ಹಾಕಿದರು. ಏಪ್ರಿಲ್ ಬಂತೆಂದರೆ ಫೋನ್ ಎತ್ತುವುದಿಲ್ಲ. ಕೆಲವು ಕಂಪನಿಗಳು ತಮ್ಮವರೇ ಫಿಟ್ ಮಾಡಿದರೆ ಮಾತ್ರ ವಾರಂಟಿ ಅನ್ನುತ್ತವೆ. ಹೊರಗಿನವರಿಗೆ ಕೊಡುವ ಮೊದಲು ವಾರಂಟಿ ಕಾರ್ಡ್ ಓದಿಕೊಳ್ಳಿ.

ಬೆಂಗಳೂರಿನಲ್ಲಿರುವ ನನ್ನ ತಮ್ಮ, ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿ ಹಾಕಿಸಿದ್ದಾನೆ. ರೇಟು ಮೊದಲೇ ಕಾಣುತ್ತದೆ, ಹೇಳಿದ ಹೊತ್ತಿಗೆ ಬರುತ್ತಾರೆ ಅನ್ನುತ್ತಾನೆ. ನಾನು ಸ್ವತಃ ನೋಡಿಲ್ಲ, ಅದಕ್ಕೇ ಹೋಲಿಕೆಗೆ ಸೇರಿಸಿಲ್ಲ.

ನನ್ನನ್ನು ಕೇಳಿದರೆ, ಇಟ್ಟಿಗೆ ಗೋಡೆ, ಮೂರು ಮೀಟರಿನೊಳಗೆ ಪೈಪು, ಹೊಸ ಎಸಿ ಇದ್ದವರು ಕಂಪನಿಯವರನ್ನೇ ಕರೆಸಿ. ಔಟ್‌ಡೋರ್ ಜಾಗ ಮಾತ್ರ ನೀವೇ ನಿಶ್ಚಯಿಸಿ. ಕಲ್ಲಿನ ಮನೆ, ಉದ್ದ ಪೈಪು, ಇಲ್ಲವೇ ಹಳೇ ಎಸಿ ಬಿಚ್ಚಿ ಬೇರೆ ಕಡೆ ಹಾಕುವುದಿದ್ದರೆ, ಸ್ವಂತ ಪಂಪ್ ಇಟ್ಟುಕೊಂಡ ಊರಿನ ಮೆಕ್ಯಾನಿಕ್‌ಗೆ ಕೊಡಿ. ಅಂಗಡಿಯ ಫ್ರೀ ಫಿಟ್ಟಿಂಗ್ ಒಪ್ಪುವ ಮೊದಲು “ಪಂಪ್ ತರ್ತಾರಾ, ಲೀಕ್ ಆದರೆ ಯಾರು ಬರ್ತಾರೆ” ಅಂತ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಯಂತ್ರ ಅಷ್ಟೇ ತಂದು, ಫಿಟ್ಟಿಂಗ್ ಬೇರೆಯವರಿಗೆ ಕೊಡಿ. ಯಾರಿಗೆ ಕೊಟ್ಟರೂ ಫೆಬ್ರವರಿಯಲ್ಲೇ ಮಾಡಿಸಿ. ಆಗ ಅವರಿಗೂ ಮುಳ್ಳು ನಿಲ್ಲುವ ತನಕ ಕಾಯಲು ಪುರುಸೊತ್ತು ಇರುತ್ತದೆ.