ಮಾತು ಕೇಳಿಸಿತೇ? ಬೆಂಗಳೂರಿನ ಬ್ಯಾಂಡ್‌ಗಳನ್ನು ಎದುರು ನಿಂತು ಕೇಳಿದ ಅನುಭವ

ನಮ್ಮ ಮನೆಯಲ್ಲಿ ಹಾಡು ಎಂದರೆ ಭಾವಗೀತೆ. ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವಥ್ ಅವರ ಕ್ಯಾಸೆಟ್‌ಗಳು ಸವೆಯುವವರೆಗೂ ತಿರುಗಿದ ಆ ಮನೆಯಿಂದ ನಾನು ಮೊದಲ ಬಾರಿಗೆ ಬ್ಯಾಂಡ್ ಒಂದನ್ನು ಕೇಳಲು ಹೋಗಿ, ರಾತ್ರಿ ಹನ್ನೊಂದೂವರೆಗೆ ಹಿಂತಿರುಗಿದಾಗ ಬಾಗಿಲು ತೆರೆದ ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದ್ದರು: "ಮಾತು ಕೇಳಿಸ್ತೇನೋ?" ಹಾಡಿನ ಸಾಹಿತ್ಯ ಕಿವಿಗೆ ಬಿತ್ತೇ ಎಂದು ಅದರ ಅರ್ಥ. ಅಂದು ನನ್ನ ಉತ್ತರ "ಇಲ್ಲ" ಎಂದಾಗಿತ್ತು. ಆಮೇಲಿನ ಇಷ್ಟು ವರ್ಷಗಳಲ್ಲಿ ಬೆಂಗಳೂರಿನ ಸ್ವತಂತ್ರ ಬ್ಯಾಂಡ್‌ಗಳನ್ನು, ಅಂದರೆ ಸಿನಿಮಾದ ಹಂಗಿಲ್ಲದೆ ತಮ್ಮ ಹಾಡನ್ನು ತಾವೇ ಕಟ್ಟಿ ನುಡಿಸುವ ತಂಡಗಳನ್ನು, ಪಬ್ಬಿನಲ್ಲಿ, ಸಭಾಂಗಣದಲ್ಲಿ, ಮೈದಾನದಲ್ಲಿ, ಮರದ ಕೆಳಗೆ ಕೇಳಿದ್ದೇನೆ. ಎಲ್ಲ ಕಡೆಯೂ ನನ್ನ ಅಳತೆಗೋಲು ಅಪ್ಪನ ಆ ಪ್ರಶ್ನೆಯೇ ಆಗಿ ಉಳಿದಿದೆ. ಈ ವಿಮರ್ಶೆಯನ್ನೂ ಅದರ ಮೇಲೆಯೇ ನಿಲ್ಲಿಸಿದ್ದೇನೆ.

ಮಾತು ಏಕೆ ಕಳೆದುಹೋಗುತ್ತದೆ ಎಂಬುದು ನನಗೆ ಬಹಳ ದಿನ ತಿಳಿದಿರಲಿಲ್ಲ. ಕಾರ್ಯಕ್ರಮಕ್ಕೆ ಮುಂಚೆ ಮೈಕು, ವಾದ್ಯಗಳನ್ನು ಹೊಂದಿಸಿ ನೋಡುವ ಸೌಂಡ್ ಚೆಕ್ ನಡೆಯುವಾಗಲೇ ಹೋಗಿ ನಿಲ್ಲುವ ಅಭ್ಯಾಸವಾದ ಮೇಲೆ ಅರ್ಥವಾಯಿತು. ನಮ್ಮ ವ್ಯಂಜನಗಳ ಸ್ಪಷ್ಟತೆ ಇರುವುದು ಸುಮಾರು 2,000ದಿಂದ 4,000 ಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ, ಮತ್ತು ಡ್ರಮ್ಮಿನ ಕಂಚಿನ ತಟ್ಟೆಗಳೂ ಕರ್ಕಶಗೊಳಿಸಿದ ಎಲೆಕ್ಟ್ರಿಕ್ ಗಿಟಾರೂ ತಳವೂರುವುದು ಅದೇ ಜಾಗದಲ್ಲಿ. ಚಿಕ್ಕ ಕೋಣೆಯಲ್ಲಿ ಡ್ರಮ್ಮಿಗೆ ಮೈಕೇ ಬೇಕಿಲ್ಲ. ಅದು ತಾನಾಗಿಯೇ ಕೋಣೆಯನ್ನು ತುಂಬುತ್ತದೆ. ಅದನ್ನು ಮೀರಿಸಲು ಗಾಯಕನ ಮೈಕನ್ನು ಏರಿಸಿದರೆ, ಅವನ ದನಿ ಅವನಿಗೇ ಕೇಳಿಸಲೆಂದು ಕಾಲ ಬಳಿ ಇಟ್ಟಿರುವ ಮಾನಿಟರ್ ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು ಕೀರಲು ಸದ್ದು ಹೊರಡುತ್ತದೆ. ಗಾಜಿನ ಗೋಡೆ ಮತ್ತು ಕಾಂಕ್ರೀಟ್ ಚಾವಣಿ ಇದ್ದರಂತೂ ಪ್ರತಿ ಅಕ್ಷರವೂ ಮೂರು ಬಾರಿ ಕೇಳಿಸುತ್ತದೆ. ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ಹ್ರಸ್ವ ದೀರ್ಘಗಳಲ್ಲಿ, ಒತ್ತಕ್ಷರಗಳಲ್ಲಿ ಅರ್ಥವನ್ನು ಹೊತ್ತ ಭಾಷೆ ನಮ್ಮದು; ತಾಳಕ್ಕೆ ಹೊಂದಿಸಲು ಗಾಯಕ ಒಂದು ಅಕ್ಷರವನ್ನು ಎಳೆದರೆ ಅಥವಾ ನುಂಗಿದರೆ ಪದವೇ ಬೇರೆಯಾಗಿಬಿಡುತ್ತದೆ.

ಇಷ್ಟನ್ನು ತಿಳಿದ ಮೇಲೆ ರಘು ದೀಕ್ಷಿತ್ ಪ್ರಾಜೆಕ್ಟ್‌ನ ಹಾಡುಗಳ ಕಟ್ಟಡ ನನಗೆ ಹೊಸದಾಗಿ ಕಂಡಿತು. 2008ರಲ್ಲಿ ಬಂದ ಈ ತಂಡದ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ತತ್ತ್ವಪದಗಳಿದ್ದವು. 2011ರಲ್ಲಿ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಕನ್ನಡದ ಒಂದಕ್ಷರವೂ ತಿಳಿಯದ ಜನರ ಮುಂದೆ ನುಡಿಸಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಎಂಬುದಷ್ಟನ್ನೇ ಪತ್ರಿಕೆಗಳು ಹೆಚ್ಚಾಗಿ ಬರೆದವು. ನಾನು ಗಮನಿಸಿದ್ದು ಬೇರೆ. ಷರೀಫರ ಸಾಲು ಬರುವ ಹೊತ್ತಿಗೆ ಗಿಟಾರು ಹಿಂದೆ ಸರಿಯುತ್ತದೆ, ಡ್ರಮ್ಮು ಬರಿಯ ಹೆಜ್ಜೆ ಹಾಕುತ್ತದೆ, ಸಾಲು ಮುಗಿದ ಮೇಲೆಯೇ ವಾದ್ಯಗಳು ಒಟ್ಟಾಗಿ ಎರಗುತ್ತವೆ. ಭಜನೆಯಲ್ಲಿ ಒಬ್ಬರು ಹೇಳಿ ಉಳಿದವರು ಮೇಳ ಕೂಡುವ ಕ್ರಮವೇ ಇದು. ಸೋರುವ ಮಾಳಿಗೆಯ ಪದವನ್ನು ಅಶ್ವಥ್ ಅವರ ಧಾಟಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ನನಗೆ ಹೊಸ ಧಾಟಿ ಮೊದಲು ಒಪ್ಪಿಗೆಯಾಗಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದ, ಕನ್ನಡ ಬಾರದ ಹುಡುಗಿಯೊಬ್ಬಳು ಮೂರನೆಯ ಸುತ್ತಿಗೆ ಪಲ್ಲವಿಯನ್ನು ಅಕ್ಷರ ತಪ್ಪದೆ ಹಾಡಿದಾಗ ನನ್ನ ತಕರಾರನ್ನು ಹಿಂದಕ್ಕೆ ಪಡೆದೆ.

ನಾನು ಅತಿ ಹೆಚ್ಚು ಸಲ ಕೇಳಿರುವ ತಂಡ ಸ್ವರಾತ್ಮ. 2002ರಲ್ಲಿ ಆರಂಭವಾಗಿ, 2009ರಲ್ಲಿ ತಂಡದ ಹೆಸರಿನದೇ ಮೊದಲ ಆಲ್ಬಮ್ಮನ್ನೂ 2012ರಲ್ಲಿ ಎರಡನೆಯದನ್ನೂ ತಂದ ಈ ತಂಡ ಕನ್ನಡ ಮತ್ತು ಹಿಂದಿ ಎರಡರಲ್ಲೂ ಹಾಡುತ್ತದೆ. ಅವರ ಗಾಯಕ ವಾಸು ದೀಕ್ಷಿತ್ ಸೊಂಟಕ್ಕೆ ಕೀಲುಕುದುರೆಯಂಥ ಕುದುರೆಯನ್ನು ಕಟ್ಟಿಕೊಂಡು ಕುಣಿಯುವುದನ್ನು ಕಂಡವರು ಮರೆಯಲಾರರು. ಜಾತ್ರೆಯ ಮೆರವಣಿಗೆಯಲ್ಲಿ ಕೀಲುಕುದುರೆ ಕಂಡು ಬೆಳೆದ ಹಳೆಯ ಮೈಸೂರಿನ ಪ್ರೇಕ್ಷಕನಿಗೆ ಆ ಕುದುರೆ ವೇಷಭೂಷಣಕ್ಕಿಂತ ಹೆಚ್ಚಿನದು, ಅದೊಂದು ಗುರುತು: ಈ ಗದ್ದಲ ನಮ್ಮೂರ ಬೀದಿಯಿಂದಲೇ ಬಂದದ್ದು ಎಂಬ ಗುರುತು. ಇವರಲ್ಲಿ ನನಗೆ ಬಹಳ ಇಷ್ಟವಾದದ್ದು ಪಿಟೀಲಿನ ಬಳಕೆ. ಬೇರೆ ತಂಡಗಳಲ್ಲಿ ಪಿಟೀಲು ಹಾಡಿನ ಮಧ್ಯೆ ಒಂದು ಅಲಂಕಾರವಾಗಿ ಬಂದು ಹೋಗುತ್ತದೆ. ಇಲ್ಲಿ ಅದು ಕಛೇರಿಯ ಪಕ್ಕವಾದ್ಯದಂತೆ ಗಾಯಕನ ಮಾತನ್ನು ಹಿಂಬಾಲಿಸುತ್ತದೆ, ಮೈಕಿನಲ್ಲಿ ಮಾತು ಮಸುಕಾದರೂ ಅದರ ಆಕಾರವನ್ನು ಪಿಟೀಲು ತೋರಿಸಿಕೊಡುತ್ತದೆ. ಭೂಮಿಯನ್ನು ಕುರಿತ ಅವರ ಕನ್ನಡದ ಹಾಡನ್ನು ಒಮ್ಮೆ ವಾದ್ಯಗಳ ಗದ್ದಲ ಕಡಿಮೆಯಿದ್ದ ಚಿಕ್ಕ ಕಾರ್ಯಕ್ರಮದಲ್ಲಿ ಕೇಳಿದೆ. ಆಲ್ಬಮ್ಮಿನಲ್ಲಿ ಹತ್ತಾರು ಬಾರಿ ಕೇಳಿದ್ದರೂ ಒಂದು ಸಾಲಿನ ಅರ್ಥ ಅಂದು ಮೊದಲ ಬಾರಿಗೆ ನನ್ನೊಳಗೆ ಇಳಿಯಿತು. ಎದುರು ನಿಂತು ಕೇಳಬೇಕೆಂದು ನಾನು ಗೆಳೆಯರಿಗೆ ಒತ್ತಾಯಿಸುವುದು ಇಂಥ ಗಳಿಗೆಗಳಿಗಾಗಿ.

ಇಂಗ್ಲಿಷಿನಲ್ಲಿ ಹಾಡುವ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಈ ಊರಿನಲ್ಲಿದೆ. ವಾದನದ ಶಿಸ್ತಿನಲ್ಲಿ ಅವರಿಗೆ ಸಮನಾದವರನ್ನು ನಾನು ಕಂಡಿಲ್ಲ. ಮೂವರೇ ಇದ್ದ ವರ್ಷಗಳಲ್ಲಿ ಐವರು ನುಡಿಸಿದಂತೆ ಕೇಳುತ್ತಿತ್ತು, ಆದರೂ ದನಿಗಳ ನಡುವೆ ಗಾಳಿಯಾಡುವಷ್ಟು ಜಾಗ ಉಳಿದಿರುತ್ತಿತ್ತು. ಆ ಶಿಸ್ತನ್ನು ಅವರು ತಮ್ಮ ಸಂಗೀತ ಶಾಲೆಯ ಮೂಲಕ ಎಳೆಯರಿಗೂ ಕಲಿಸುತ್ತಿದ್ದಾರೆ. 2003ರಲ್ಲಿ ಹುಟ್ಟಿದ ಅಗಮ್ ತಂಡ ತ್ಯಾಗರಾಜರ ಕೃತಿಯನ್ನು ರಾಕ್ ಗಿಟಾರಿನ ಮೇಲೆ ಕೂರಿಸುತ್ತದೆ. ಗಾಯಕ ಹರೀಶ್ ಶಿವರಾಮಕೃಷ್ಣನ್ ನಳಿನಕಾಂತಿ ರಾಗದ ಆಲಾಪಕ್ಕೆ ತೊಡಗಿದಾಗ ಯುವಕರ ಗುಂಪು ಮೌನವಾಗುವುದನ್ನು ಕಂಡು ಬೆರಗಾಗಿದ್ದೇನೆ. ಆದರೆ ವೇಗದ ಚರಣಗಳಲ್ಲಿ ಡ್ರಮ್ಮು ಸಾಹಿತ್ಯವನ್ನು ಮುಚ್ಚಿಬಿಡುತ್ತದೆ ಎಂಬ ನನ್ನ ಆಕ್ಷೇಪ ಹಾಗೆಯೇ ಇದೆ. ಕೃತಿಯನ್ನು ಮೊದಲೇ ಬಲ್ಲವರಿಗೆ ಅದು ನಷ್ಟವಲ್ಲ. ಅಲ್ಲಿ ಮೊದಲ ಬಾರಿಗೆ ಕೇಳುವವರಿಗೆ ನಷ್ಟವೇ.

ಪರ್ವಾಜ್ ಈ ಅಳತೆಗೋಲನ್ನೇ ನಾನು ಮರುಚಿಂತಿಸುವಂತೆ ಮಾಡಿದ ತಂಡ. ಕಾಶ್ಮೀರದಿಂದ ಬಂದ ಖಾಲಿದ್ ಅಹಮದ್ ಮತ್ತು ಮೀರ್ ಕಾಶಿಫ್ ಇಕ್ಬಾಲ್ ಅವರೊಡನೆ 2010ರಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡ ಈ ತಂಡ ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡುತ್ತದೆ. ಕಾಶ್ಮೀರಿಯ ಒಂದು ಪದವೂ ನನಗೆ ತಿಳಿಯದು. ಆದರೂ 2014ರ 'ಬಾರಾನ್' ಆಲ್ಬಮ್ಮಿನ ನಂತರದ ಕಾರ್ಯಕ್ರಮವೊಂದರಲ್ಲಿ ಪ್ರತಿಯೊಂದು ಅಕ್ಷರವೂ ಬಿಡಿಬಿಡಿಯಾಗಿ ಕಿವಿಗೆ ತಲುಪಿತು, ಮತ್ತು ಅರ್ಥ ತಿಳಿಯದ ಮಾತನ್ನು ಅಷ್ಟು ಸ್ಪಷ್ಟವಾಗಿ ಕೇಳಿದಾಗ ಅದರೊಳಗಿನ ದುಃಖ ಇನ್ನಷ್ಟು ಹತ್ತಿರ ಬಂದಂತಾಯಿತು. ಆ ರಾತ್ರಿ ಅಪ್ಪ ಕೇಳಿದಾಗ "ಕೇಳಿಸ್ತಪ್ಪ, ಅರ್ಥ ಆಗ್ಲಿಲ್ಲ ಅಷ್ಟೆ" ಎಂದೆ. "ಹಾಗಾದ್ರೆ ಚೆನ್ನಾಗೇ ಹಾಡಿದ್ದಾರೆ" ಎಂದರು.

ಇನ್ನು ಜಾಗಗಳ ಮಾತು. ಇಂದಿರಾನಗರದಲ್ಲಿ 2013ರಿಂದ 2019ರವರೆಗೆ ಇದ್ದ ಹಮ್ಮಿಂಗ್ ಟ್ರೀ ಎಂಬ ಸಂಗೀತದ ಪಬ್ಬು ಮುಚ್ಚಿದ್ದನ್ನು ನಾನು ಇಂದಿಗೂ ಮನೆಯೊಂದನ್ನು ಕಳೆದುಕೊಂಡಂತೆ ನೆನೆಯುತ್ತೇನೆ. ಹೆಸರು ಕೇಳಿರದ ತಂಡವನ್ನೂ ನಂಬಿ ಟಿಕೆಟ್ ಕೊಳ್ಳಬಹುದಾಗಿದ್ದ ಜಾಗ ಅದು. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಪಬ್ಬು ಕುಳಿತು ಕೇಳುವವರಿಗೆ ಹೇಳಿ ಮಾಡಿಸಿದಂತಿದೆ. ಸುತ್ತಲಿನ ಪುಸ್ತಕದ ಕಪಾಟುಗಳು ಅಂದಕ್ಕೆ ಎಂದು ತೋರಿದರೂ ಸದ್ದು ಗೋಡೆಗೆ ಬಡಿದು ಮರಳದಂತೆ ಅವೂ ನೆರವಾಗುತ್ತವೆ ಎಂದೇ ನನ್ನ ಕಿವಿಯ ಅನುಭವ. ಬೆಲೆ ಮಾತ್ರ ವಿದ್ಯಾರ್ಥಿಗಳ ಕೈಗೆ ಎಟುಕುವಂಥದ್ದಲ್ಲ. ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನದ ಹಿಂದಿನ ಸಾಲಿನಲ್ಲಿ ಕುಳಿತಾಗಲೆಲ್ಲ, ಮೈಕು ಬಳಕೆಗೆ ಬಾರದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಿಸಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿಕೊಂಡ ಟಿ. ಚೌಡಯ್ಯನವರು ನೆನಪಾಗುತ್ತಾರೆ. ಕೇಳುಗನ ಬಗೆಗಿನ ಆ ಕಾಳಜಿ ಇಂದು ದನಿಗಳನ್ನು ಹೊಂದಿಸುವ ಮಿಕ್ಸರ್ ಯಂತ್ರದ ಮುಂದೆ ಕುಳಿತವರೆಲ್ಲರಲ್ಲೂ ಇರಬೇಕೆಂದು ಬಯಸುತ್ತೇನೆ. ಜಾಗ ದೊಡ್ಡದು ಎಂಬ ನೆಪವನ್ನೂ ನಾನು ಒಪ್ಪುವುದಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವಥ್ ಅವರು ನಡೆಸಿದ 'ಕನ್ನಡವೇ ಸತ್ಯ'ದ ಜನಸಾಗರದ ನಡುವೆಯೂ ನಮಗೆ ಪ್ರತಿ ಪದ ಕೇಳಿಸಿತ್ತು.

ಕೆಟ್ಟ ಅನುಭವವನ್ನೂ ದಾಖಲಿಸಬೇಕು. ನಗರದ ಪಬ್ ಒಂದರಲ್ಲಿ ಎಂಟು ಗಂಟೆಗೆಂದು ಟಿಕೆಟ್ಟಿನಲ್ಲಿ ಅಚ್ಚಾಗಿದ್ದ ಕಾರ್ಯಕ್ರಮ ಆರಂಭವಾದದ್ದು ಒಂಬತ್ತು ಕಾಲಿಗೆ. ರಂಗಶಂಕರ ನಾಟಕಮಂದಿರದಲ್ಲಿ ಏಳೂವರೆ ಎಂದರೆ ಏಳೂವರೆಗೇ ಬಾಗಿಲು ಮುಚ್ಚುವ ಊರಿನಲ್ಲಿ ಇದನ್ನು ಸಹಿಸಬೇಕಾಗಿಲ್ಲ. ವೇದಿಕೆಯ ಪಕ್ಕದ ದೊಡ್ಡ ಪರದೆಯಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿತ್ತು. ತಂಡ ತನ್ನ ಅತ್ಯಂತ ಮೆಲುದನಿಯ ಹಾಡನ್ನು ಹಾಡುತ್ತಿದ್ದಾಗ ವಿಕೆಟ್ ಬಿದ್ದು ಅರ್ಧ ಕೋಣೆ ಕೇಕೆ ಹಾಕಿತು. ಐದನೆಯ ಹಾಡಿನ ಮಧ್ಯೆ ವ್ಯವಸ್ಥಾಪಕರು ಬಂದು ಸೌಂಡ್ ನಿಲ್ಲಿಸಿದರು. ಹಣ ಮರಳಿಸಲು ಕೋರಿದ್ದಕ್ಕೆ ಉತ್ತರ ಬರಲಿಲ್ಲ. ನನಗಿಂತ ಹೆಚ್ಚು ನೊಂದವರು ವೇದಿಕೆಯ ಮೇಲಿದ್ದವರು. ಮೌನವಾಗಿ ತಂತಿ ಸುತ್ತಿ ಪೆಟ್ಟಿಗೆ ತುಂಬುತ್ತಿದ್ದ ಆ ಹುಡುಗರ ಮುಖ ಇನ್ನೂ ಕಣ್ಣ ಮುಂದಿದೆ.

ಇಂಥ ನಿಲುಗಡೆಯ ಹಿಂದೆ ಹಳೆಯ ಕಥೆಯೊಂದಿದೆ. ನಮ್ಮ ಕನ್ನಡ ಪತ್ರಿಕೆಗಳ ಅಪರಾಧ ಪುಟಗಳಲ್ಲಿ 'ಲೈವ್ ಬ್ಯಾಂಡ್' ಎಂಬ ಮಾತಿಗೆ ಬಹುಕಾಲ ಇದ್ದ ಅರ್ಥವೇ ಬೇರೆ. ಅದು ಹೆಣ್ಣುಮಕ್ಕಳಿಂದ ಹಾಡಿಸಿ ಕುಣಿಸುವ ಬಾರುಗಳನ್ನು ಸೂಚಿಸುತ್ತಿತ್ತು. ಅವುಗಳನ್ನು ಕುರಿತು ಹೊರಟ 2005ರ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ, ಸ್ವಂತ ಹಾಡು ನುಡಿಸುವ ತಂಡಗಳಿಗೆ ವೇದಿಕೆ ಕೊಡುತ್ತಿದ್ದ ಜಾಗಗಳೂ ಅದೇ ಪರವಾನಗಿಯ ಸುಳಿಗೆ ಸಿಕ್ಕವು. ವಸತಿ ಬಡಾವಣೆಯ ನಿವಾಸಿಗಳ ದೂರನ್ನು ನಾನು ತಳ್ಳಿಹಾಕುವುದಿಲ್ಲ; ರಾತ್ರಿ ಹತ್ತರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕ ಬೇಡವೆಂಬ ನಿಯಮ ನ್ಯಾಯವಾದದ್ದೇ. ಹಾಗಿದ್ದ ಮೇಲೆ ಏಳಕ್ಕೆ ಆರಂಭಿಸಿ ಒಂಬತ್ತೂವರೆಗೆ ಮುಗಿಸಲು ಆಯೋಜಕರಿಗೆ ಇರುವ ಅಡ್ಡಿ ಏನು ಎಂಬುದು ನನ್ನ ಪ್ರಶ್ನೆ. ಮನೆಗೆ ಮರಳುವವರಿಗೂ ಅದೇ ಅನುಕೂಲ. 2023ರ ಅಕ್ಟೋಬರಿನಲ್ಲಿ ಮೆಟ್ರೋದ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ಣಗೊಂಡ ಮೇಲೆ, ಆಟೋದವರೊಡನೆ ಮೀಟರಿನ ಮೇಲೆ ಒಂದೂವರೆಯೋ ಎರಡೋ ಎಂದು ಚೌಕಾಶಿ ಮಾಡುವ ಪಾಡು ನನಗೆ ತಪ್ಪಿದೆ.

ಹೊಸದಾಗಿ ಹೋಗುವವರಿಗೆ ಹೇಳುವುದಾದರೆ, ವೇದಿಕೆಯ ಬುಡದಲ್ಲಿ ನಿಲ್ಲಬೇಡಿ. ಅಲ್ಲಿ ಡ್ರಮ್ಮು ನೇರವಾಗಿ ಕಿವಿಗೆ ಬಡಿಯುತ್ತದೆ, ಗಾಯಕನ ದನಿ ತಲೆಯ ಮೇಲಿಂದ ಹಾದುಹೋಗುತ್ತದೆ. ಮಿಕ್ಸರ್ ಇಟ್ಟಿರುವ ಮೇಜಿನ ಪಕ್ಕದಲ್ಲಿ ನಿಲ್ಲಿ. ಸೌಂಡ್ ಎಂಜಿನಿಯರ್ ಹೊಂದಿಸುವುದು ತನ್ನ ಕಿವಿಗೆ ಕೇಳಿಸುವುದನ್ನೇ. ಮತ್ತು ಅವಕಾಶ ಸಿಕ್ಕರೆ ಕನಕಪುರ ರಸ್ತೆಯಾಚೆಯ ದಿಣ್ಣೆಪಾಳ್ಯದಲ್ಲಿರುವ ಫೈರ್‌ಫ್ಲೈಸ್ ಆಶ್ರಮದ ಆಲದ ಮರದ ಕೆಳಗಿನ ಬಯಲು ರಂಗಮಂದಿರದಲ್ಲಿ ಒಮ್ಮೆ ಸಂಗೀತ ಕೇಳಿ ಬನ್ನಿ. ಅಲ್ಲಿ ಸದ್ದನ್ನು ಹಿಂದಕ್ಕೆ ಎಸೆಯುವ ಗೋಡೆಗಳಿಲ್ಲ. ಅಪ್ಪನನ್ನು ನಾನು ಕರೆದುಕೊಂಡು ಹೋದ ಏಕೈಕ ಕಾರ್ಯಕ್ರಮ, ಹಿಂದೆ ಅಲ್ಲಿ ಇರುಳಿಡೀ ನಡೆಯುತ್ತಿದ್ದ ಸಂಗೀತೋತ್ಸವ. ಬೆಳಗಿನ ಜಾವ ನಾಲ್ಕರ ಚಳಿಯಲ್ಲಿ ಶಾಲು ಹೊದ್ದು ಕಲ್ಲಿನ ಮೆಟ್ಟಿಲ ಮೇಲೆ ಕುಳಿತಿದ್ದ ಅವರು, ವೇದಿಕೆಯ ಮೇಲಿನ ಪದದ ಎರಡನೆಯ ಸಾಲನ್ನು ಗಾಯಕನಿಗಿಂತ ಮೊದಲೇ ಹೇಳಿ ನನ್ನತ್ತ ತಿರುಗಿ ನೋಡಿದರು.